ಇಲ್ಲಿ ಯಜಮಾನ ಯಾರು?

ಮೆಸ್ಸಿನ ಸ್ಟೀಲ್ ಸಿಂಕ್‌ನಲ್ಲಿ ತಟ್ಟೆ ತೊಳೆಯುವಾಗ ಒಂದು ಸಲ ನಲ್ಲಿಯ ಕೆಳಗೆ ಸರಿಯಾಗಿ ನೋಡಿ. ನೀರು ಬಿದ್ದ ಜಾಗದ ಸುತ್ತ ಗಾಜಿನ ಹಾಳೆಯಂತೆ ತೆಳ್ಳಗಿನ, ನಯವಾದ ಒಂದು ವೃತ್ತ ಇರುತ್ತದೆ. ಅದರ ಅಂಚಿಗೆ ಬಂದ ಕೂಡಲೇ ನೀರು ಇದ್ದಕ್ಕಿದ್ದಂತೆ ದಪ್ಪಗಾಗಿ, ಉಂಗುರದ ಹಾಗೆ ಎದ್ದು ನಿಲ್ಲುತ್ತದೆ. ಆ ಉಂಗುರದ ಹೊರಗೆ ಬೆರಳಿಟ್ಟರೆ ಅಲೆ ಎಲ್ಲ ಕಡೆಗೂ ಹರಡುತ್ತದೆ. ಒಳಗೆ ಬೆರಳಿಟ್ಟರೆ ಹಿಂದಕ್ಕೆ ಏನೂ ಹೋಗುವುದಿಲ್ಲ, ಬೆರಳಿನ ಎರಡೂ ಬದಿಗೆ ಗೆರೆ ಎಳೆದಂತೆ ನೀರು ಸೀಳಿಕೊಂಡು ಮುಂದೆ ಓಡುತ್ತದೆ. ಪುಸ್ತಕದಲ್ಲಿ ಆ ಉಂಗುರದ ಹೆಸರು ಹೈಡ್ರಾಲಿಕ್ ಜಂಪ್. ಕನ್ನಡ ಸಂಘದವರಾದ್ದರಿಂದ ನಮ್ಮ ನಮ್ಮಲ್ಲೇ ಅದಕ್ಕೆ ‘ನೀರ್ನೆಗೆತ’ ಅಂತ ಹೆಸರಿಟ್ಟುಕೊಂಡಿದ್ದೇವೆ. ಇಷ್ಟವಾಗದಿದ್ದರೆ ಜಂಪ್ ಅಂತಲೇ ಓದಿಕೊಳ್ಳಿ, ಬೇಜಾರಿಲ್ಲ.

ನಾವು ನಾಲ್ವರು ಸಿವಿಲ್‌ನವರು. ಕಂಪ್ಯೂಟರ್ ಸೈನ್ಸ್ ಗೆಳೆಯರು ‘ನಿಮ್ಮದು ಸಿಮೆಂಟು-ಜಲ್ಲಿ ಬ್ರ್ಯಾಂಚ್’ ಅನ್ನುತ್ತಾರೆ. ಅನ್ನಲಿ. ಆದರೆ ಸಿಮೆಂಟಿಗಿಂತ ನಮ್ಮನ್ನು ಹೆಚ್ಚು ತಲೆ ಕೆಡಿಸಿದ್ದು ನೀರು, ಅದರಲ್ಲೂ ಪೈಪಿನೊಳಗೆ ಓಡುವ ನೀರಲ್ಲ, ಮೇಲ್ಮೈ ಗಾಳಿಗೆ ತೆರೆದಿರುವ ನೀರು. ನಾಲೆ, ಹೊಳೆ, ರಾಜಕಾಲುವೆ, ಕೆರೆ ಕೋಡಿ ಎಲ್ಲ ಇದೇ ಜಾತಿ. ಪೈಪಿನಲ್ಲಿ ನೀರಿಗೆ ಎಷ್ಟು ಜಾಗ ಅನ್ನುವುದು ಪೈಪು ಮಾಡಿದ ದಿನವೇ ತೀರ್ಮಾನವಾಗಿರುತ್ತದೆ. ತೆರೆದ ಕಾಲುವೆಯಲ್ಲಿ ಎಷ್ಟು ಎತ್ತರ ನಿಲ್ಲಬೇಕು ಅನ್ನುವುದನ್ನು ನೀರೇ ತೀರ್ಮಾನ ಮಾಡಬೇಕು. ಯಾರ ಮಾತು ಕೇಳಿ ಮಾಡುತ್ತೆ? ಲ್ಯಾಬ್ ವೈವಾದಲ್ಲಿ ನಮ್ಮ ಸರ್ ಕೇಳುವ ಖಾಯಂ ಪ್ರಶ್ನೆ ಇದೇ: ‘ಇಲ್ಲಿ ಯಜಮಾನ ಯಾರಪ್ಪ?’

ಆ ಪ್ರಶ್ನೆಗೆ ಉತ್ತರ ಅಲೆಯ ವೇಗದಲ್ಲಿದೆ. ಆಳ ಕಡಿಮೆ ಇರುವ ನೀರಿನ ಮೇಲೆ ಸಣ್ಣ ಅಲೆಯೊಂದು ಎಷ್ಟು ವೇಗದಲ್ಲಿ ಹೋಗುತ್ತದೆ ಅನ್ನುವುದು ಆಳವನ್ನು ಅವಲಂಬಿಸಿದೆ: 9.81ನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆಯಿರಿ, ಅಷ್ಟೇ. 60 ಸೆಂ.ಮೀ. ಆಳದಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. ಕಾಲುವೆಯ ನೀರು ಇದಕ್ಕಿಂತ ನಿಧಾನಕ್ಕೆ ಹರಿಯುತ್ತಿದ್ದರೆ ಅಲೆ ಪ್ರವಾಹದ ವಿರುದ್ಧ ಈಜಿಕೊಂಡು ಮೇಲ್ಗಡೆಗೆ ಹೋಗಬಲ್ಲದು. ಅಂದರೆ ಕೆಳಗಡೆ ಅಡ್ಡ ಏನಾದರೂ ಇದ್ದರೆ ಆ ಸುದ್ದಿ ಮೇಲ್ಗಡೆಗೆ ತಲುಪುತ್ತದೆ, ಅಲ್ಲಿನ ನೀರು ಮೊದಲೇ ತಯಾರಾಗುತ್ತದೆ. ನೀರು ಅಲೆಗಿಂತ ಜೋರಾಗಿ ಓಡುತ್ತಿದ್ದರೆ ಸುದ್ದಿ ಹಿಂದಕ್ಕೆ ಹೋಗಲ್ಲ. ಕೆಳಗೆ ಗೋಡೆಯೇ ಇರಲಿ, ನೀರು ಅದಕ್ಕೆ ಡಿಕ್ಕಿ ಹೊಡೆಯುವವರೆಗೂ ಗೊತ್ತಾಗಲ್ಲ. ಈ ಎರಡು ವೇಗಗಳ ಅನುಪಾತಕ್ಕೆ ಫ್ರೂಡ್ ಸಂಖ್ಯೆ ಅಂತ ಹೆಸರು. ವಿಲಿಯಂ ಫ್ರೂಡ್ ಕಾಲುವೆಯವನಲ್ಲ, 19ನೇ ಶತಮಾನದಲ್ಲಿ ಹಡಗಿನ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ಪರೀಕ್ಷೆ ಮಾಡುತ್ತಿದ್ದ ಇಂಗ್ಲಿಷ್ ಇಂಜಿನಿಯರ್. ಸಂಖ್ಯೆ ಒಂದಕ್ಕಿಂತ ಕಡಿಮೆ ಇದ್ದರೆ ಯಜಮಾನ ಕೆಳಗಡೆ ಇರುತ್ತಾನೆ. ಹೆಚ್ಚಿದ್ದರೆ ಮೇಲ್ಗಡೆ.

ಇಷ್ಟು ಪೀಠಿಕೆ ಸಾಕು. ಮಲ್ಲತ್ತಹಳ್ಳಿ ಕೆರೆಗೆ ಬರೋಣ.

ಕ್ಲಾಸಿಲ್ಲದ ಸಂಜೆ ನಾವು ಕೆರೆ ಕಡೆ ಹೋಗುವುದು ರೂಢಿ. ಅಲ್ಲಿ ವಾಕಿಂಗ್ ಬರುವ ಒಬ್ಬ ತಾತ ನಮಗೆ ಪರಿಚಯವಾದರು. ಇಲ್ಲಿ ಗದ್ದೆ ಇದ್ದ ಕಾಲ ನೋಡಿದವರು. ‘ನೀವು ಏನ್ ಓದ್ತಾ ಇದೀರಪ್ಪಾ’ ಅಂದರು. ವೀಯರ್, ಸ್ಲೂಸ್ ಅಂತ ಶುರು ಮಾಡಿದೆವು. ‘ಅಂದ್ರೆ ಕೋಡಿ, ತೂಬು’ ಅಂದುಬಿಟ್ಟರು. ಮೂರು ವರ್ಷ ಓದಿದ್ದಕ್ಕೆ ಎರಡು ಶಬ್ದ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಬೀಳುವ ಜಾಗ ಕೋಡಿ. ಏರಿಯ ಕೆಳಗಿನಿಂದ ಗದ್ದೆಗೆ ನೀರು ಬಿಡುವ ಕಂಡಿ ತೂಬು, ಅದನ್ನು ಎತ್ತಿ ಇಳಿಸುವವನು ನೀರುಗಂಟಿ. ‘ತೂಬು ನೀರುಗಂಟಿ ಮಾತು ಕೇಳುತ್ತೆ, ಕೋಡಿ ಯಾರ ಮಾತೂ ಕೇಳಲ್ಲ. ಅದಕ್ಕೇ ಕೋಡಿನ ಮುಟ್ಟಬಾರ್ದು’ ಅಂದರು ತಾತ.

ಇದನ್ನು ಲೆಕ್ಕಕ್ಕೆ ಹಾಕಿ ನೋಡಿ, ಮಜಾ ಇದೆ. ತೂಬಿನ ಮೇಲೆ ನಿಂತ ನೀರಿನ ಎತ್ತರ ಎರಡು ಪಟ್ಟಾದರೆ ಹೊರಬರುವ ನೀರು 1.4 ಪಟ್ಟು ಮಾತ್ರ, ಯಾಕೆಂದರೆ ಅಲ್ಲಿ ಇರುವುದು ಎತ್ತರದ ವರ್ಗಮೂಲ. ಕೆರೆ ತುಂಬಿರಲಿ ಅರ್ಧ ಇರಲಿ, ಗದ್ದೆಗೆ ಹೋಗುವ ನೀರು ವಿಪರೀತ ಬದಲಾಗುವುದಿಲ್ಲ. ಬೆಳೆಗೆ ಬೇಕಾದ್ದೂ ಅದೇ. ಕೋಡಿಯಲ್ಲಿ ಎತ್ತರದ ಘಾತ ಒಂದೂವರೆ. ಕೋಡಿ ಮೇಲೆ ಹರಿಯುವ ನೀರಿನ ಎತ್ತರ ಎರಡು ಪಟ್ಟಾದರೆ ಹೊರಹರಿವು 2.8 ಪಟ್ಟು. ಪ್ರವಾಹ ಬಂದ ದಿನ ಕೆರೆಯ ಮಟ್ಟ ಒಂದು ಗೇಣು ಏರುವುದರೊಳಗೆ ಕೋಡಿ ಹೆಚ್ಚು ಹೆಚ್ಚು ನೀರನ್ನು ಆಚೆ ಹಾಕುತ್ತದೆ, ಏರಿ ಉಳಿಯುತ್ತದೆ. ಆದರೆ ಅದೇ ಸೂತ್ರ ಇನ್ನೊಂದನ್ನೂ ಹೇಳುತ್ತದೆ. ಕೋಡಿಯ ಉದ್ದವನ್ನು ಅರ್ಧ ಮುಚ್ಚಿ ಸೈಟು ಮಾಡಿದಿರಿ ಅಂದುಕೊಳ್ಳಿ. ಅಷ್ಟೇ ನೀರು ಹೊರಗೆ ಹೋಗಬೇಕಾದರೆ ಮೊದಲು 30 ಸೆಂ.ಮೀ. ಎತ್ತರದಲ್ಲಿ ಹರಿಯುತ್ತಿದ್ದದ್ದು ಈಗ 48 ಸೆಂ.ಮೀ. ಎತ್ತರದಲ್ಲಿ ಹರಿಯಬೇಕು. ಆ 18 ಸೆಂ.ಮೀ. ಕೆರೆ ಅಂಗಳದ ಉದ್ದಗಲಕ್ಕೂ ಏರುತ್ತದೆ. ಸೈಟು ಮಾಡಿದವನ ಮನೆಗಲ್ಲ, ಹಿಂದಿನ ದಡದಲ್ಲಿ ಯಾರಿದ್ದಾರೋ ಅವರ ಮನೆಗೆ.

ನಮ್ಮ ಪಕ್ಕದ ದೊಡ್ಡ ಲೇಔಟ್‌ಗೆ ಯಾರ ಹೆಸರಿದೆಯೋ ಆ ಸರ್ ಎಂ. ವಿಶ್ವೇಶ್ವರಯ್ಯನವರು ಹೆಸರು ಮಾಡಿದ್ದೂ ಈ ಕೋಡಿಯ ವಿಷಯದಲ್ಲೇ. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅವರು ಹಾಕಿಸಿದ ಸ್ವಯಂಚಾಲಿತ ಗೇಟುಗಳು ಕೋಡಿಯ ಮೇಲೆ ಹೆಚ್ಚು ನೀರು ನಿಲ್ಲಿಸುತ್ತಿದ್ದವು, ಪ್ರವಾಹ ಬಂದರೆ ತಾವೇ ತೆರೆದುಕೊಳ್ಳುತ್ತಿದ್ದವು. ನೀರುಗಂಟಿಯನ್ನು ಕರೆಯಲು ಆಳು ಕಳಿಸಬೇಕಾಗಿಲ್ಲ. ಕೋಡಿಯ ಸ್ವಭಾವ ಕೆಡಿಸದೆ ತೂಬಿನ ಲಾಭ ತೆಗೆದುಕೊಂಡ ಬುದ್ಧಿ ಅದು.

ಗೇಟು ಅಂದಾಗ ತುಂಗಭದ್ರಾ ನೆನಪಾಗದೆ ಇರಲ್ಲ. ನಮ್ಮಲ್ಲೊಬ್ಬ ಗಂಗಾವತಿ ಕಡೆಯವನು. ಅವರ ಭತ್ತ ನಿಂತಿರುವುದೇ ಎಡದಂಡೆ ನಾಲೆಯ ಮೇಲೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಬೆಳಿಗ್ಗೆ ಅವನ ಅಪ್ಪ ಫೋನ್ ಮಾಡಿ ಕೇಳಿದ್ದು ಒಂದೇ: ‘ನೀನು ಇದನ್ನೇ ಓದೋದಲ್ವಾ, ಎಷ್ಟು ನೀರು ಹೋಗ್ತಿರಬೋದು?’ ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ಜಲಾಶಯ ತುಂಬಿತ್ತು. ಲ್ಯಾಬಿನಲ್ಲಿ ಒಂದಡಿ ಅಗಲದ ಓಗಿ ವೀಯರ್‌ಗೆ ಹಾಕುವ ಸೂತ್ರವನ್ನೇ ಹಾಕಿದೆವು, ಆ ಒಂದು ಕಂಡಿಯಿಂದ ಸುಮಾರು 20 ಸಾವಿರ ಕ್ಯುಸೆಕ್ ಬಂತು. ಕಂಡಿಯ ತಳದ ಮೇಲಿನ ನೀರು 10 ಅಡಿಗೆ ಇಳಿದರೆ ಎಷ್ಟು? ಅರ್ಧ ಅಲ್ಲ, ಸುಮಾರು 7 ಸಾವಿರ. ಒಂದೂವರೆ ಘಾತ ಇಳಿಯುವಾಗಲೂ ಅಷ್ಟೇ ಜೋರು. ಆದರೆ ಅಷ್ಟು ಇಳಿಸಬೇಕಾದರೆ ಎಷ್ಟು ನೀರನ್ನು ಹೊಳೆಗೆ ಬಿಡಬೇಕು! ಆ ವರ್ಷದ ಬೆಳೆ ಅದರಲ್ಲಿತ್ತು. ಆದ್ದರಿಂದಲೇ ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ತಂಡದವರು ನೀರು ಹರಿಯುತ್ತಿರುವಾಗಲೇ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿದ್ದು ದೊಡ್ಡ ಕೆಲಸ. 16ಕ್ಕೆ ಮೊದಲ ತುಂಡು ಕೂತಿತು, 17ಕ್ಕೆ ಕಂಡಿ ಮುಚ್ಚಿತು. ಹರಿಯುವ ನೀರಿಗೆ ಉಕ್ಕಿನ ಹಲಗೆ ಇಳಿಸುವುದು ಅಂದರೇನು ಅಂತ ತಿಳಿಯಬೇಕಾದರೆ ತುಂಬಿ ಹರಿಯುವ ಮೋರಿಗೆ ಡ್ರಾಯಿಂಗ್ ಬೋರ್ಡ್ ಅಡ್ಡ ಇಟ್ಟು ನೋಡಿ. ಕೈ ಬಿಟ್ಟು ಹೋಗುತ್ತೆ.

ತುಂಗಭದ್ರೆ ದೂರದ ಮಾತಾಯಿತು. ಮಲ್ಲತ್ತಹಳ್ಳಿ ಕೆರೆ ಸೇರಿರುವುದು ವೃಷಭಾವತಿ ಕಣಿವೆಗೆ. ಈ ಕಡೆಯ ಮಳೆನೀರೆಲ್ಲ ರಾಜಕಾಲುವೆ ಹಿಡಿದು ವೃಷಭಾವತಿಗೆ ಇಳಿದು, ಕೆಂಗೇರಿ, ಬಿಡದಿ ಬಳಿಯ ಬೈರಮಂಗಲ ದಾಟಿ ಅರ್ಕಾವತಿ ಸೇರುತ್ತದೆ. ನಮ್ಮ ಇನ್ನೊಬ್ಬನ ಮನೆ ಕೆಂಗೇರಿ ಕಡೆ, ಅಂಥದೊಂದು ಕವಲು ಕಾಲುವೆಯ ಪಕ್ಕದ ಗಲ್ಲಿಯಲ್ಲಿ. 2025ರ ಮೇ 18ರ ರಾತ್ರಿ ಕೆಂಗೇರಿಯಲ್ಲಿ 132 ಮಿ.ಮೀ. ಮಳೆ ದಾಖಲಾಯಿತಲ್ಲ, ಅವತ್ತು ಅವನ ಮನೆಯೊಳಗೆ ಮೊಣಕಾಲುದ್ದ ನೀರು. ಅಮ್ಮ ಅಕ್ಕಿ ಡಬ್ಬ ಅಟ್ಟಕ್ಕೆ ಸಾಗಿಸಿದರಂತೆ, ಫ್ರಿಜ್ ಸಾಗಿಸಲಾಗಲಿಲ್ಲ. ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಮಹಡಿ ಮನೆಯವರ ಹತ್ತಿರ ಕೂರಿಸಿದರು. ಇದರಲ್ಲಿ ವಿಶೇಷವಿಲ್ಲ, ಬೆಂಗಳೂರಿನಲ್ಲಿ ನೂರಾರು ಮನೆಯ ಕಥೆ. ವಿಶೇಷ ಇದ್ದದ್ದು ಅವನ ತಂದೆ ಹೇಳಿದ ಮಾತಿನಲ್ಲಿ. ‘ಹೋದ ವರ್ಷವಷ್ಟೇ ಕಾಲುವೆ ಪೂರ್ತಿ ಕಾಂಕ್ರೀಟ್ ಮಾಡಿಕೊಟ್ಟರು. ಮೇಲಿನ ಬೀದಿಯವರಿಗೆ ಏನೂ ಆಗಲಿಲ್ಲ. ಕಲ್ವರ್ಟಿನಿಂದ ಆಚೆ ಹೋಗಿ ನೋಡಿದೆ, ಅಲ್ಲೂ ಕಾಲುವೆ ಅರ್ಧ ಖಾಲಿ. ನಡುವೆ ನಮ್ಮ ಹನ್ನೊಂದು ಮನೆ ಮಾತ್ರ ಹೆಂಗಪ್ಪಾ ಮುಳುಗಿದವು?’

ಗಲ್ಲಿಯಲ್ಲಿ ಉತ್ತರಗಳಿಗೆ ಬರ ಇರಲಿಲ್ಲ. ಕಸ ಕಟ್ಟಿಕೊಂಡಿತ್ತು ಅಂತ ಕೆಲವರು, ಯಾರೋ ಮೇಲಿನ ಕೆರೆ ಒಡೆದರು ಅಂತ ಕೆಲವರು. ನಾವು ಸರ್ವೆ ಲ್ಯಾಬಿನಿಂದ ಆಟೋ ಲೆವೆಲ್, ಸ್ಟಾಫ್, ಟೇಪು ತೆಗೆದುಕೊಂಡು ಒಂದು ಭಾನುವಾರ ಹೋದೆವು. ಕಾಲುವೆಯ ಅಗಲ 4 ಮೀಟರ್, ಗೋಡೆಯ ಎತ್ತರ 1.1 ಮೀಟರ್, ಇಳಿಜಾರು 150 ಮೀಟರಿಗೆ ಒಂದು ಮೀಟರ್. ಮೇಲಿನ ಬೀದಿಯ ಹತ್ತಿರ ಗೋಡೆ ಮೇಲೆ ಕೆಸರಿನ ಗೆರೆ 60 ಸೆಂ.ಮೀ. ಎತ್ತರದಲ್ಲಿ. ಕಲ್ವರ್ಟಿನ ಬಾಯಿ ಮಾತ್ರ 3 ಮೀಟರ್. ರಸ್ತೆ ಹಳೆಯದು, ಕಾಲುವೆ ಹೊಸದು, ಎರಡು ಬೇರೆ ಬೇರೆ ಕಾಮಗಾರಿ.

ಆಮೇಲೆ ಕ್ಯಾಂಟೀನಿನಲ್ಲಿ ಕೂತು ಲೆಕ್ಕ. ನಯವಾದ ಕಾಂಕ್ರೀಟಿಗೆ ಮ್ಯಾನಿಂಗ್ ಗುಣಾಂಕ 0.015 ಹಿಡಿದರೆ, 60 ಸೆಂ.ಮೀ. ಆಳದಲ್ಲಿ ನೀರಿನ ವೇಗ ಸೆಕೆಂಡಿಗೆ 3.25 ಮೀಟರ್. ಅಲೆಯ ವೇಗ 2.4. ಅಂದರೆ ಕಾಲುವೆಯ ನೀರಿಗೆ ಕೆಳಗಡೆಯ ಸುದ್ದಿ ಗೊತ್ತಾಗುವ ದಾರಿಯೇ ಇಲ್ಲ. ಸೆಕೆಂಡಿಗೆ ಸುಮಾರು 7.8 ಘನಮೀಟರ್ ನೀರು ಕುರುಡು ಓಟದಲ್ಲಿ ಕಲ್ವರ್ಟಿಗೆ ಬರುತ್ತಿದೆ.

ಕಿರಿದಾದ ಬಾಯಿಯಲ್ಲಿ ಅಷ್ಟೇ ನೀರು ನುಗ್ಗಬೇಕಾದರೆ ಕನಿಷ್ಠ ಇಷ್ಟು ಶಕ್ತಿ ಬೇಕು ಅಂತ ಒಂದು ಮಿತಿ ಇದೆ. ಶಕ್ತಿಯನ್ನು ನೀರಿನ ಎತ್ತರದಲ್ಲೇ ಅಳೆಯುತ್ತೇವೆ: ಆಳ, ಜೊತೆಗೆ ವೇಗದಿಂದ ಬರುವ ಪಾಲು. ಬರುತ್ತಿದ್ದ ನೀರಿನ ಹತ್ತಿರ ಇದ್ದದ್ದು 1.14 ಮೀಟರ್. ಮೂರು ಮೀಟರಿನ ಬಾಯಿ ಕೇಳುತ್ತಿದ್ದದ್ದು 1.33 ಮೀಟರ್. ಬಸ್ಸಿಗೆ 30 ರೂಪಾಯಿ ಬೇಕು, ಜೇಬಿನಲ್ಲಿ 26 ಇದೆ ಅನ್ನುವ ಪರಿಸ್ಥಿತಿ. ಬಸ್ಸಾದರೆ ಬಿಟ್ಟು ಹೋಗುತ್ತೆ, ನೀರು ಅಲ್ಲೇ ನಿಂತು ಕೂಡಿಡುತ್ತದೆ. ಕಲ್ವರ್ಟಿನ ಮುಂದೆ ರಾಶಿಯಾಗಿ, ಆಳ ಹೆಚ್ಚಿಸಿಕೊಂಡು, ಬೇಕಾದಷ್ಟು ಆದ ಮೇಲೆಯೇ ಒಳಗೆ ನುಗ್ಗುತ್ತದೆ. ಆ ಆಳ ಎಷ್ಟು? ಸುಮಾರು 1.2 ಮೀಟರ್. ಗೋಡೆ 1.1. ಉಳಿದದ್ದು ಗಲ್ಲಿಗೆ.

ಓಡಿ ಬಂದ 60 ಸೆಂ.ಮೀ. ನೀರಿಗೂ ನಿಂತ 1.2 ಮೀಟರ್ ನೀರಿಗೂ ಮಧ್ಯೆ ಒಂದು ಕಡೆ ನೀರ್ನೆಗೆತ ಆಗಲೇಬೇಕು, ಸಿಂಕಿನ ಉಂಗುರದ ಹಾಗೆ. ಅದು ಎಲ್ಲಿ ಕೂರುತ್ತದೆ ಅಂತ ಹಿನ್ನೀರಿನ ಲೆಕ್ಕ ಹಾಕಿದರೆ ಕಲ್ವರ್ಟಿನಿಂದ ಸುಮಾರು 40 ಮೀಟರ್ ಮೇಲೆ. ಹನ್ನೊಂದು ಮನೆಗಳು ಇರುವುದು ಆ 40 ಮೀಟರಿನಲ್ಲೇ. ಅದಕ್ಕೂ ಮೇಲಿನವರಿಗೆ ಕಾಲುವೆ ಚೆನ್ನಾಗಿ ಕೆಲಸ ಮಾಡಿತು. ಕಲ್ವರ್ಟಿನ ಆಚೆ ನೀರು ಮತ್ತೆ ತೆಳ್ಳಗಾಗಿ ಓಡಿಹೋಯಿತು, ಆದ್ದರಿಂದ ಅರ್ಧ ಖಾಲಿ. ಅವರಪ್ಪ ಕಂಡದ್ದೆಲ್ಲ ಸರಿಯಾಗಿಯೇ ಇತ್ತು. ಕೆರೆ ಒಡೆಯುವ ಅಗತ್ಯವಿರಲಿಲ್ಲ. ಕಸ ಇದ್ದಿರಬಹುದು, ಇದ್ದರೆ ಬಾಯಿ ಇನ್ನೂ ಕಿರಿದು. ಆದರೆ ಒಂದು ಎಳೆ ಕಸ ಇಲ್ಲದಿದ್ದರೂ ಆ ಮಳೆಗೆ ಆ ಗಲ್ಲಿ ಮುಳುಗುತ್ತಿತ್ತು.

ಕಾಂಕ್ರೀಟ್ ಮಾಡಿದ್ದೇ ತಪ್ಪು ಅನ್ನುವವರಿದ್ದಾರೆ. ನಾವು ಅಷ್ಟು ಸುಲಭಕ್ಕೆ ಹೇಳಲಾರೆವು. ಹಳೆಯ ಕಲ್ಲು-ಹುಲ್ಲಿನ ಕಾಲುವೆಗೆ ಗುಣಾಂಕ 0.03 ಹಾಕಿ ನೋಡಿದೆವು. ಅಷ್ಟೇ ನೀರು ಸೆಕೆಂಡಿಗೆ 2 ಮೀಟರಿನಂತೆ, 96 ಸೆಂ.ಮೀ. ಆಳದಲ್ಲಿ ಹೋಗುತ್ತಿತ್ತು. ಅಂದರೆ ಕಾಂಕ್ರೀಟಿನಿಂದ ಉದ್ದಕ್ಕೂ 36 ಸೆಂ.ಮೀ. ಉಳಿತಾಯ. ಕೊನೆಯ 40 ಮೀಟರಿಗೆ ಬಂದರೆ ಮಾತ್ರ ಸೊನ್ನೆ, ಅಲ್ಲಿ ಹಿಂದೆಯೂ 1.2, ಈಗಲೂ 1.2. ಅಲ್ಲಿನ ಯಜಮಾನ ಕಾಲುವೆಯಲ್ಲ, ಕಲ್ವರ್ಟು. ಯಜಮಾನನನ್ನು ಬಿಟ್ಟು ಆಳಿನ ಜೊತೆ ಮಾತಾಡಿ ಬಂದ ಹಾಗೆ ಆಯಿತು ಇದು. ಜೊತೆಗೆ ಇನ್ನೊಂದಿದೆ: ಮೊದಲು ಕುಂಟುತ್ತಾ, ಅಲ್ಲಲ್ಲಿ ನಿಲ್ಲುತ್ತಾ ಬರುತ್ತಿದ್ದ ಮಳೆನೀರು ಈಗ ಎಲ್ಲ ಕವಲುಗಳಿಂದ ಬೇಗ ಬರುತ್ತದೆ, ಒಟ್ಟಿಗೆ ಬರುತ್ತದೆ. ಅದೇ ಮಳೆಗೆ ಕಲ್ವರ್ಟಿನ ಬಾಯಿಗೆ ಬರುವ ಗರಿಷ್ಠ ನೀರು ಹೆಚ್ಚುತ್ತದೆ. ಮೇಲಿನ ಬೀದಿಯ ನೆಮ್ಮದಿಗೆ ಬಿಲ್ಲು ಕೆಳಗಿನ ಗಲ್ಲಿಗೆ.

ಲೆಕ್ಕ ಸರಿ, ಕಣ್ಣಲ್ಲಿ ನೋಡಬೇಕಲ್ಲ. ಲ್ಯಾಬಿನ ಗಾಜಿನ ಗೋಡೆಯ ಫ್ಲೂಮ್‌ನಲ್ಲಿ ಇಳಿಜಾರು ಕೊಟ್ಟು, ತುದಿಯ ಹತ್ತಿರ ಎರಡು ಮರದ ತುಂಡು ಅಡ್ಡ ಇಟ್ಟೆವು. ಬಾಯಿ ಸ್ವಲ್ಪ ಕಿರಿದಾದಾಗ ಏನೂ ಆಗಲಿಲ್ಲ, ನೀರು ನಡುವೆ ತುಸು ಉಬ್ಬಿ ಹೋಯಿತು. ಇನ್ನೊಂದು ಬೆರಳಷ್ಟು ಒತ್ತಿದೆವು. ಒಂದೆರಡು ಕ್ಷಣ ಏನಿಲ್ಲ. ಆಮೇಲೆ ತುಂಡುಗಳ ಮುಂದೆ ನೀರು ಗುಡ್ಡೆಯಾಯಿತು, ಆ ಗುಡ್ಡೆಯ ಮುಖ ಕಲಕಾಡುತ್ತಾ ನಿಧಾನವಾಗಿ ಮೇಲ್ಗಡೆಗೆ ನಡೆಯತೊಡಗಿತು. ಪ್ರವಾಹದ ವಿರುದ್ಧ, ಒಂದು ಗೋಡೆ ನಡೆದು ಬಂದ ಹಾಗೆ. ಲ್ಯಾಬ್ ಅಣ್ಣ ‘ರೆಕಾರ್ಡ್ ಬರೆಯೋದು ಬಿಟ್ಟು ಏನ್ರೋ ಆಟ’ ಅಂತ ಬೈಯಲು ಬಂದವರು ತಾವೂ ನಿಂತು ನೋಡಿದರು. ಕೆಂಗೇರಿಯವನು ಮಾತಾಡಲಿಲ್ಲ, ಗಾಜಿನ ಮೇಲೆ ಬೆರಳಿಟ್ಟು ಆ ಮುಖದ ಜೊತೆಗೇ ಹೆಜ್ಜೆ ಹಾಕಿದ. ನಮ್ಮ ಕಾಲುವೆಯ ಲೆಕ್ಕದಲ್ಲಿ ಆ ‘ಇನ್ನೊಂದು ಬೆರಳು’ 3.8 ಮೀಟರ್. ನಾಲ್ಕು ಮೀಟರ್ ಕಾಲುವೆಗೆ ಅಲ್ಲಿಯವರೆಗೆ ಕಿರಿದು ಮಾಡಿದರೆ ನಡೆದೀತು, ಅದಕ್ಕಿಂತ ಕಡಿಮೆಯಾದರೆ ಗೋಡೆ ನಡೆಯಲು ಶುರು.

ನೀರ್ನೆಗೆತವನ್ನು ಬರೀ ಖಳನಾಯಕ ಮಾಡಿ ಬಿಡುವುದೂ ಸರಿಯಲ್ಲ. ಅಣೆಕಟ್ಟಿನ ಕೆಳಗೆ ಅದನ್ನು ಬೇಕೆಂದೇ ಕರೆದು ಕೂರಿಸುತ್ತಾರೆ. ಓಗಿ ಕೋಡಿ ಇಳಿದು ಬಂದ ನೀರಿನ ಫ್ರೂಡ್ ಸಂಖ್ಯೆ 4.5ರಿಂದ 9ರ ನಡುವೆ ಇದ್ದರೆ ನೆಗೆತದಲ್ಲಿ ಅದರ ಶಕ್ತಿಯ 45ರಿಂದ 70 ಶೇಕಡಾ ಕಲಕಾಟದಲ್ಲೇ ಕರಗಿಹೋಗುತ್ತದೆ. ಅದಕ್ಕಾಗಿಯೇ ಕಾಂಕ್ರೀಟಿನ ಹಾಸು, ಹಲ್ಲುಗಳಂಥ ದಿಮ್ಮಿಗಳು. ಹಾಸು ಕಟ್ಟಿಕೊಡದಿದ್ದರೆ ನೀರು ಅದೇ ಶಕ್ತಿಯಲ್ಲಿ ಅಣೆಕಟ್ಟಿನ ಬುಡ ತೋಡಿಕೊಳ್ಳುತ್ತದೆ. ಈ ಕಲಕಾಟದಲ್ಲಿ ಗಾಳಿಯೂ ನೀರಿನೊಳಗೆ ಸೇರುತ್ತದೆ. ಶುದ್ಧ ನೀರಾದರೆ ಬಿಳಿ ಗುಳ್ಳೆ ಎದ್ದು ಒಡೆಯುತ್ತದೆ. ಡಿಟರ್ಜೆಂಟ್ ತುಂಬಿದ ನೀರಾದರೆ? 2015ರಲ್ಲಿ ವರ್ತೂರು ಕೋಡಿಯಲ್ಲಿ ರಸ್ತೆಗೆ ಹಾರಿದ ನೊರೆ ನೆನಪಿಸಿಕೊಳ್ಳಿ. ನಮ್ಮ ಕಡೆಯ ಬೈರಮಂಗಲದಲ್ಲೂ ಅಷ್ಟೇ. ಕೆರೆಯ ನಡುವೆ ನೊರೆ ಹುಟ್ಟಲ್ಲ, ನೀರು ಬಿದ್ದು ಕಲಕುವ ಕೋಡಿಯಲ್ಲೇ ಹುಟ್ಟುತ್ತದೆ. ನಮ್ಮ ಬಚ್ಚಲಿನ ನೀರಿಗೆ ಕೋಡಿ ಗಾಳಿ ಊದುತ್ತದೆ, ಅಷ್ಟೇ.

ಗಲ್ಲಿಗೆ ಏನು ಮಾಡಬೇಕು? ಕಲ್ವರ್ಟನ್ನು ನಾಲ್ಕು ಮೀಟರಿಗೆ ಅಗಲ ಮಾಡುವುದು ನೇರ ದಾರಿ. ಅದು ಆಗುವವರೆಗೆ ಕಲ್ವರ್ಟಿನ ತಳವನ್ನು 20 ಸೆಂ.ಮೀ. ಇಳಿಸಿದರೆ ಕೊರತೆ ಬಿದ್ದ ಶಕ್ತಿ ತುಂಬಿಕೊಳ್ಳುತ್ತದೆ ಅಂತ ಸೂತ್ರ ಹೇಳುತ್ತದೆ. ಆದರೆ ತಗ್ಗು ಮಾಡಿದ ಜಾಗದಲ್ಲಿ ಹೂಳು ಕೂರದೆ ಇರುತ್ತಾ? ಎರಡು ಮಳೆಗೆ ಮೊದಲಿನಂತಾಗುತ್ತದೆ ಅನ್ನುವುದು ನಮ್ಮಲ್ಲಿ ಮೂವರ ಅಭಿಪ್ರಾಯ, ಒಬ್ಬ ಒಪ್ಪಿಲ್ಲ. ಗೋಡೆ ಎತ್ತರಿಸೋಣ ಅನ್ನುವ ಸಲಹೆ ಗಲ್ಲಿಯವರದ್ದೇ. ಎತ್ತರಿಸಿದರೆ ಈ ಮಳೆಗೆ ಸಾಕು, ಆದರೆ ಮನೆಗಳ ಮೋರಿ ನೀರು ಕಾಲುವೆಗೆ ಇಳಿಯುವ ಕಂಡಿಗಳು ಆ ಗೋಡೆಯಲ್ಲೇ ಇವೆ, ಅವುಗಳಿಂದ ಹಿಂದಕ್ಕೆ ನುಗ್ಗುತ್ತದೆ. ಎರಡು ಪುಟದ ಲೆಕ್ಕ, ಒಂದು ನಕ್ಷೆ, ಗೋಡೆಯ ಗೆರೆಗಳ ಫೋಟೋ ಸೇರಿಸಿ ಅವನ ತಂದೆಯ ಕೈಗೆ ಕೊಟ್ಟಿದ್ದೇವೆ. ಅವರು ಗಲ್ಲಿಯವರ ಸಹಿ ಹಾಕಿಸಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದಾರೆ. ಕಲ್ವರ್ಟಿನ ಬಾಯಿ ಇವತ್ತಿಗೂ 3 ಮೀಟರ್. ಫ್ರಿಜ್ ಮಾತ್ರ ಈಗ ಎರಡು ಸಾಲು ಸಿಮೆಂಟ್ ಇಟ್ಟಿಗೆ ಮೇಲೆ ನಿಂತಿದೆ.

ಅದೇ ಕವಲಿನಲ್ಲಿ ಕೆಳಗೆ ಇನ್ನೂ ಎರಡು ಕಲ್ವರ್ಟುಗಳಿವೆ, ಅಳೆಯುವುದು ಬಾಕಿ. ಮುಂಗಾರಿಗೆ ಮೊದಲು ಮುಗಿಸಬೇಕು, ಲೆವೆಲ್ ಹಿಡಿಯಲು ಬರುವವರು, ಸ್ಟಾಫ್ ಹಿಡಿದು ಅಲುಗಾಡದೆ ನಿಲ್ಲುವವರು ಇಬ್ಬರೂ ಬೇಕು. ಬ್ರ್ಯಾಂಚ್ ಯಾವುದಾದರೂ ಪರವಾಗಿಲ್ಲ. ಬರಲಾಗದವರು ಮಳೆ ಬಂದ ದಿನ ಒಂದು ಕೆಲಸ ಮಾಡಿ: ಕಾಲುವೆಗೆ ಇಳಿಯದೆ, ಅಂಚಿಗೂ ಹೋಗದೆ, ಕಟ್ಟೆ ಇರುವ ಸೇತುವೆಯ ಮೇಲಿಂದ ಒಂದು ಕಲ್ಲು ಹಾಕಿ. ಅಲೆ ಹಿಂದಕ್ಕೆ ಬಂತೋ, ಎಲ್ಲವೂ ಮುಂದಕ್ಕೇ ಕೊಚ್ಚಿಕೊಂಡು ಹೋಯಿತೋ ನೋಡಿ, ಜಾಗ ಮತ್ತು ಸಮಯ ಬರೆದು ನಮಗೆ ಕಳಿಸಿ.